ಸೀಗಡಿ ಸುಡುತ್ತಿದ್ದ ದೊಡ್ಡಮ್ಮ

ದೊಡ್ಡಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ನುಣ್ಣಗಿತ್ತು. ಗೆರೆಯೇ ಇರಲಿಲ್ಲ. ಕೆಂಡ ಎತ್ತಲು ಅವರು ಇಕ್ಕಳ ಹುಡುಕಿದ್ದನ್ನು ನಾನು ನೋಡಿಲ್ಲ. ಎರಡು ಬೆರಳಲ್ಲಿ ಎತ್ತಿ, ಬೇಕಾದ ಕಡೆ ಇಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. "ಸುಡಲ್ವಾ ದೊಡ್ಡಮ್ಮ?" ಎಂದರೆ, "ಮುಂಚೆ ಸುಡ್ತಿತ್ತು ಕಣವ್ವ" ಎನ್ನುತ್ತಿದ್ದರು. ಅಷ್ಟೇ. ಅವರದು ಹೆಚ್ಚು ಮಾತಾಡುವ ಬಾಯಲ್ಲ.

ಅವರು ನಮ್ಮಪ್ಪನ ಅಣ್ಣನ ಹೆಂಡತಿ. ಮಕ್ಕಳಾಗಲಿಲ್ಲ. ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿಯ ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು, ಅವರಿಬ್ಬರು ಎಲ್ಲ ಒಟ್ಟಿಗಿದ್ದೆವು. ಅಪ್ಪ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದರು. ದೊಡ್ಡಪ್ಪ ರೈಲಿನಲ್ಲಿ ಫೈರ್‌ಮನ್. ಎಂಜಿನ್ನಿನ ಬಾಯಿಗೆ ಕಲ್ಲಿದ್ದಲು ಹಾಕುವ ಕೆಲಸ. ಮನೆಗೆ ಬಂದರೆ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಮೊದಲು ಹಿತ್ತಿಲಿಗೆ ಹೋಗಿ, ಮೈಗೆ ನೀರು ಹಾಕಿಕೊಂಡ ಮೇಲೆಯೇ ಅಜ್ಜಿ ಒಳಗೆ ಬಿಡುತ್ತಿದ್ದುದು.

ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆ ತುಂಬಿ, ಬೆಸ್ತರ ಹೆಂಗಸರು ಕುಕ್ಕೆಯಲ್ಲಿ ಹಸಿ ಸೀಗಡಿ ತರುತ್ತಿದ್ದರು. ಊರಲ್ಲಿ ಎಲ್ಲರ ಮನೆಯಲ್ಲೂ ಅದು ಸಾರಿಗೆ, ಮುದ್ದೆಯ ಜೊತೆಗೆ. ಕಡ್ಡಿಗೆ ಪೋಣಿಸಿ ಸುಡುತ್ತಿದ್ದುದು ನಮ್ಮ ಮನೆಯಲ್ಲಿ ಮಾತ್ರ. ಆ ಚಾಳಿಯನ್ನು ದೊಡ್ಡಪ್ಪ ಎಂಜಿನ್ನಿನಿಂದ ಹೊತ್ತು ತಂದಿದ್ದರು. ಬೀರೂರಿನ ದಾರಿಯಲ್ಲಿ ಗೂಡ್ಸ್ ಗಾಡಿ ಸಿಗ್ನಲ್ಲಿಗಾಗಿ ಗಂಟೆಗಟ್ಟಲೆ ನಿಂತಾಗ, ಸಲಿಕೆಯ ಮೇಲೆ ಕೆಂಡ ಹರಡಿ, ಕೈಗೆ ಸಿಕ್ಕಿದ್ದನ್ನು ಸುಟ್ಟು ತಿನ್ನುವುದು ಅವರಿಗೂ ಡ್ರೈವರಿಗೂ ರೂಢಿ. ಆ ರುಚಿ ಮನೆಯಲ್ಲೂ ಬೇಕೆಂದು ಹಟ ಹಿಡಿದರು. ಅಜ್ಜಿ ಅಡುಗೆಮನೆಯೊಳಗೆ ಮಾತ್ರ ಕೂಡದು ಎಂದರು. ಹಾಗಾಗಿ ಹಿತ್ತಿಲಲ್ಲಿ ಮೂರು ಕಲ್ಲು ಬಂದವು. ಸುಡುವ ಕೆಲಸ ದೊಡ್ಡಮ್ಮನ ಪಾಲಿಗೆ ಬಂತು.

ಅವರು ಮಾಡುತ್ತಿದ್ದ ಬಗೆ ನನಗೆ ಕಣ್ಣಿಗೆ ಕಟ್ಟಿದೆ. ಸೀಗಡಿಯ ತಲೆ, ಕಾಲು ತೆಗೆದು, ಉಪ್ಪು, ಅರಿಶಿನ, ಕಾರದ ಪುಡಿ, ಹುಣಸೆ ರಸ ಹಚ್ಚಿಡುತ್ತಿದ್ದರು. ತೆಂಗಿನ ಹಸಿ ಗರಿಯಿಂದ ಕಡ್ಡಿ ಸೀಳುತ್ತಿದ್ದರು. ಒಣಕಡ್ಡಿಯಾದರೆ ಸೀಗಡಿ ಬೇಯುವ ಮೊದಲೇ ಉರಿದುಹೋಗುತ್ತದೆ. ಕರಟ ಹೊತ್ತಿಸಿ, ಹೊಗೆ ಹೋಗಿ ಬೂದಿ ಕಟ್ಟುವವರೆಗೆ ಸುಮ್ಮನೆ ಕೂತಿರುತ್ತಿದ್ದರು. ಆಮೇಲೆ ಎರಡು ಕಲ್ಲಿನ ನಡುವೆ ಕಡ್ಡಿ ಅಡ್ಡ ಇಟ್ಟು, ಹುಚ್ಚೆಳ್ಳೆಣ್ಣೆ ಸವರಿ, ಬರಿಗೈಯಲ್ಲಿ ತಿರುಗಿಸುವುದು. ಬೂದುಬಣ್ಣದ ಸೀಗಡಿ ಕೆಂಪಾಗಿ ಮುದುಡಿಕೊಂಡಾಗ ದೊಡ್ಡಪ್ಪ ಕಾಯಲಾರದೆ ಕೈ ಚಾಚುತ್ತಿದ್ದರು. "ತಡೀರಿ, ಬಾಯಿ ಸುಟ್ಕಂಡೀರಿ" ಎಂದು ಇವರು. "ಒಂಚೂರು ಸೀಯ್ಲಿ ಕಣೇ, ಆಗ್ಲೇ ರುಚಿ" ಎಂದು ಅವರು. ಒಂದು ಕಡ್ಡಿಯನ್ನು ಇವರ ಮೂತಿಯ ಮುಂದೆ ಹಿಡಿದರೆ ಮುಖ ತಿರುಗಿಸಿ, "ನಂಗೆ ಬ್ಯಾಡಪ್ಪ, ಆ ವಾಸ್ನೆಯೇ ಸೇರಕಿಲ್ಲ" ಎಂದು ನಗುತ್ತಿದ್ದರು. ಆ ನಗು ನನಗೆ ನೆನಪಿದೆ. ಆಮೇಲಿನ ವರ್ಷಗಳಲ್ಲಿ ಅಂಥದ್ದನ್ನು ನಾನು ಕಾಣಲಿಲ್ಲ.

ಯುದ್ಧ ಬಂತು. ಬರ್ಮಾದಲ್ಲಿ ರೈಲು ಓಡಿಸಲು ಜನ ಬೇಕಂತೆ, ಅಲ್ಲಿಯ ಹಳಿಯೂ ನಮ್ಮದರಷ್ಟೇ ಅಗಲವಂತೆ ಎಂದು ದೊಡ್ಡಪ್ಪ ಹೆಸರು ಕೊಟ್ಟು ಬಂದರು. ವಾಪಸು ಬಂದ ಮೇಲೆ ಡ್ರೈವರ್ ಆಗಬಹುದು ಎಂಬ ಆಸೆ. ರಂಗೂನಿನ ಮೇಲೆ ಬಾಂಬು ಬಿದ್ದ ಮೇಲೆ ಸುದ್ದಿ ನಿಂತಿತು. ಅವರ ಜೊತೆ ಹೋಗಿದ್ದ ಫಿಟ್ಟರ್ ಒಬ್ಬ ಕಾಡುದಾರಿಯಲ್ಲಿ ನಡೆದು, ಮೂಳೆ ಚಕ್ಕಳವಾಗಿ ಹಿಂದಿರುಗಿದ. ನಮ್ಮ ಜಗಲಿಯ ಮೇಲೆ ಕೂತು, ನೆಲ ನೋಡುತ್ತ ಹೇಳಿದ: "ಹೊಳೆ ದಾಟೋಗಂಟ ಜೊತೇಲೇ ಇದ್ರು ಕಣಕ್ಕ. ಈಚೆ ದಡಕ್ಕೆ ಬಂದು ತಿರುಗಿ ನೋಡಿದ್ರೆ ಇರ್ನಿಲ್ಲ. ಹಿಂದೆ ಬತ್ತಾವ್ರೆ ಅಂದ್ಕಂಡೆ."

ಅಜ್ಜಿ ಎದೆ ಬಡಿದುಕೊಂಡರು. ದೊಡ್ಡಮ್ಮ ಒಳಗೆ ಹೋಗಿ ಆತನಿಗೆ ಮಜ್ಜಿಗೆ ತಂದುಕೊಟ್ಟರು. "ಹಿಂದೆ ಬತ್ತಾವ್ರೆ ಅಂತ ತಾನೇ ಅಂದಿದ್ದು?" ಎಂದು ಕೇಳಿದರು. ಆತ ಹೂಂ ಎಂದ. "ಸರಿ" ಎಂದರು. ಅವರು ಅತ್ತದ್ದನ್ನು ನಾನು ಅವತ್ತೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ. ಬೆಳಿಗ್ಗೆ ಎದ್ದು ಕುಂಕುಮ ಇಟ್ಟುಕೊಳ್ಳುವರು, ನೀರು ಸೇದುವರು, ರಾಗಿ ಬೀಸುವರು. ಮನೆಯಲ್ಲಿ ಎಲ್ಲರೂ ಜೋರಾಗಿ ಮಾತಾಡುವುದನ್ನೇ ಬಿಟ್ಟೆವು.

ಆ ವರ್ಷದ ಹಿರಿಯರ ಹಬ್ಬದ ದಿನ ನಡೆದದ್ದನ್ನು ಊರು ಬಹಳ ಕಾಲ ಆಡಿಕೊಂಡಿತು. ನಮ್ಮಲ್ಲಿ ಪಿತೃಪಕ್ಷಕ್ಕೆ ತೀರಿಕೊಂಡವರಿಗೆ ನಡುಮನೆಯಲ್ಲಿ ಎಡೆ ಇಡುತ್ತಾರೆ. ಯಾರಿಗೆ ಏನು ಇಷ್ಟವೋ ಅದನ್ನೇ ಮಾಡಿ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಂಡುಹೋಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅಂದು ಬೆಳಿಗ್ಗೆ ಅಜ್ಜಿ ಸೀಗಡಿ ಕೊಂಡು, "ಸುಡವ್ವ" ಎಂದು ದೊಡ್ಡಮ್ಮನ ಮುಂದಿಟ್ಟರು. ಅವರು ಯಾಕೆಂದು ಕೇಳದೆ ಸುಟ್ಟರು. ಮನೆಯವರಿಗೆ ಇರಬೇಕು ಎಂದುಕೊಂಡಿರಬೇಕು. ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕೂತಾಗ ಅವರು ಸುತ್ತ ನೋಡಿ, "ಕಡ್ಡಿ ಎಲ್ಲಿ ಅತ್ತೆ?" ಎಂದರು.

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನನ್ ಮಗ ಹಸ್ಕಂಡಿರ್ತಾನೆ ಕಣೇ. ಎಲ್ಲಿ ಅಲೀತಾ ಐತೋ ಜೀವ" ಎಂದರು.

ದೊಡ್ಡಮ್ಮ ಎದ್ದರು. ಅಪ್ಪ "ಅತ್ಗೆ, ಬ್ಯಾಡಿ" ಎನ್ನುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿದ್ದರು. ಕಡ್ಡಿಗಳ ಸಮೇತ ಹೊರಗೆ ಬಂದು, ಅಂಗಳದಲ್ಲಿ ನಿಂತು, ಎಲ್ಲರ ಎದುರಿಗೇ ಒಂದೊಂದಾಗಿ ತಿಂದರು. ಅವರು ಸೀಗಡಿ ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಔಷಧಿ ನುಂಗುವವರ ಹಾಗೆ ನುಂಗುತ್ತಿದ್ದರು. ಕೊನೆಯದನ್ನು ತಿಂದು, "ಬದುಕಿರೋರ ಪಾಲು ಬದುಕಿರೋರು ತಿನ್ಬೇಕು ಅತ್ತೆ" ಎಂದು ಕೈ ತೊಳೆಯಲು ಹೋದರು. ಅಜ್ಜಿಗೆ ಸಿಟ್ಟು ಬರಲಿಲ್ಲ, ಅಳುವೂ ನಿಂತುಹೋಯಿತು. ಆ ವರ್ಷ ಹಿರಿಯರು ಅರೆಹೊಟ್ಟೆಯಲ್ಲಿ ಎದ್ದುಹೋದರು ಎಂದು ಬೀದಿಯವರು ಹೇಳಿಕೊಂಡು ತಿರುಗಿದರು.

ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ಪ್ರತಿ ವರ್ಷ ಎಡೆಯ ದಿನ ದೊಡ್ಡಮ್ಮ ತಾವೇ ಸೀಗಡಿ ಕೊಂಡು, ಹಿತ್ತಿಲಲ್ಲಿ ಸುಟ್ಟು, ಬಾಗಿಲು ಮುಚ್ಚುವ ಮೊದಲೇ ಪೂರ್ತಿ ತಿಂದು ಮುಗಿಸುತ್ತಿದ್ದರು. ಒಳಗೆ ಹೋಗಲು ಒಂದೂ ಉಳಿಯಬಾರದು. ಅಜ್ಜಿ ತೀರಿಕೊಂಡು ಅವರಿಗೂ ಒಂದು ಎಲೆ ಬಿತ್ತು, ದೊಡ್ಡಪ್ಪನಿಗೆ ಮಾತ್ರ ಬೀಳಲಿಲ್ಲ. ಮದುವೆಮನೆಗಳಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಇವರ ಮುಂದೆ ಬಂದು ತಡವರಿಸುವರು. ಇವರನ್ನು ಮುತ್ತೈದೆ ಎನ್ನುವುದೋ ಬಿಡುವುದೋ. ಒಮ್ಮೆ ಒಬ್ಬಾಕೆ ಹಾಗೆ ನಿಂತೇಬಿಟ್ಟಳು. "ಕೊಡೋದಾದ್ರೆ ಕೊಡಿ, ಇಲ್ದಿದ್ರೆ ಮುಂದಕ್ಕೆ ಹೋಗಿ ಕಣ್ರೀ. ನಿಮ್ಗೂ ತೋಳು ನೋಯ್ತದೆ" ಎಂದರು ದೊಡ್ಡಮ್ಮ. ಆಕೆ ಕೊಟ್ಟಳು. ಪಕ್ಕದಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ನನ್ನನ್ನು ಗೆಂಡೆಹಳ್ಳಿ ಕಡೆಗೆ ಮದುವೆ ಮಾಡಿಕೊಟ್ಟರು. ಹೊರಡುವ ದಿನ ಎಲ್ಲರೂ ಹಿತವಚನ ಹೇಳಿದರು. ದೊಡ್ಡಮ್ಮ ಹೇಳಿದ್ದು ಒಂದೇ: "ನಿನ್ ಗಂಡಂಗೆ ಏನಿಷ್ಟ ಅಂತ ತಿಳ್ಕೊ. ನಿಂಗೇನಿಷ್ಟ ಅಂತ ಅವ್ನಿಗೂ ಹೇಳು. ನಾನು ಹೇಳ್ನಿಲ್ಲ." ನನಗೆ ಆಗ ಅದು ದೊಡ್ಡ ಮಾತು ಅನ್ನಿಸಲಿಲ್ಲ. ಆದರೂ ಗಂಡನ ಮನೆಯಲ್ಲಿ ಬಾಯಿಬಿಟ್ಟು ಕೇಳಿ ಪಡೆಯುವ ಧೈರ್ಯ ಬಂದದ್ದು ಅದರಿಂದಲೇ.

ಸ್ವಾತಂತ್ರ್ಯ ಬಂದ ಮರುವರ್ಷ ಬೇಸಿಗೆಯಲ್ಲಿ ಅವರು ಜ್ವರ ಬಂದು ಹೋದರು. ನಾನು ತಲುಪುವ ಹೊತ್ತಿಗೆ ಹೆಂಗಸರು ಬಳೆ ಇರಲೋ ಒಡೆಯಲೋ ಎಂದು ಗುಸುಗುಸು ನಡೆಸಿದ್ದರು. ಅಪ್ಪ ಹೊರಗಿನಿಂದಲೇ, "ಮುತ್ತೈದೆ ಅಂತ್ಲೇ ಕಳಿಸಿ, ಯಾರೂ ತುಟಿ ಎರಡು ಮಾಡ್ಬ್ಯಾಡಿ" ಎಂದರು. ಹಸಿರು ಸೀರೆ, ಬಳೆ, ಹಣೆ ತುಂಬ ಕುಂಕುಮ. ನನಗೆ ಅಳು ಬರಲಿಲ್ಲ.

ಆ ವರ್ಷದ ಹಬ್ಬಕ್ಕೆ ತವರಿಗೆ ಬಂದೆ. ನಡುಮನೆಯಲ್ಲಿ ಅಪ್ಪ ಎರಡು ಎಲೆ ಹೆಚ್ಚಾಗಿ ಹಾಕಿದ್ದರು. ಒಂದರ ಪಕ್ಕದಲ್ಲಿ ಹೊಸ ಸೀರೆ, ಇನ್ನೊಂದರ ಪಕ್ಕದಲ್ಲಿ ಹೊಸ ಪಂಚೆ. ನಾನು ಪಂಚೆಯನ್ನೇ ನೋಡುತ್ತ ನಿಂತೆ. ಅಪ್ಪ ನನ್ನ ಮುಖ ನೋಡದೆ, "ಇನ್ನು ಯಾರಿಗೋಸ್ಕರ ಬದುಕಿಸ್ಕಂಡಿರೋದವ್ವ?" ಎಂದರು.

ದೊಡ್ಡಪ್ಪನ ಎಲೆ ಬೇಗ ತುಂಬಿತು. ಅವ್ವ ಎರಡನೆಯ ಎಲೆಗೂ ಸುಟ್ಟ ಸೀಗಡಿ ಬಡಿಸಲು ಬಗ್ಗಿದರು. "ಅವರಿಗೆ ಅದು ಸೇರ್ತಿರಲಿಲ್ಲ ಅವ್ವ" ಎಂದೆ.

"ಏನ್ ಹಂಗಂದ್ರೆ? ವರ್ಷಾ ವರ್ಷಾ ಅಷ್ಟೊಂದು ತಿಂತಿರ್ನಿಲ್ವಾ ಅಕ್ಕ?"

"ಸೇರ್ತಿರಲಿಲ್ಲ."

ಅವ್ವ ಕಡ್ಡಿ ಹಿಡಿದುಕೊಂಡೇ ನನ್ನನ್ನು ನೋಡಿದರು. "ಮತ್ತೇನು ಸೇರ್ತಿತ್ತು?"

ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ಅವರು ಮಾಡಿಹಾಕಿದ್ದನ್ನು ಉಂಡಿದ್ದೆವು. ಕೊನೆಗೆ ಅನ್ನ, ಸಾರು, ಒಂದು ಬಾಳೆಹಣ್ಣು ಇಟ್ಟೆವು. ಅಪ್ಪ ಧೂಪ ಹಾಕಿದರು, ಬಾಗಿಲು ಮುಚ್ಚಿದರು. ನಾವು ಜಗಲಿಯಲ್ಲಿ ಸಾಲಾಗಿ ಕೂತೆವು. ಎದ್ದು ಹೋಗಿ ಆ ಬಾಗಿಲು ತಳ್ಳುವವರು ಯಾರೂ ಇರಲಿಲ್ಲ. ನನಗೆ ದೊಡ್ಡಪ್ಪ ಸತ್ತದ್ದು ಅವತ್ತು.