ಮದ್ದೂರಿನ ಕ್ವಾಂಟಮ್ ಕ್ಲಾಸು

ಎಂಎಸ್ಸಿ ಭೌತಶಾಸ್ತ್ರದ ಕೊನೆಯ ವರ್ಷಕ್ಕೆ ಐಚ್ಛಿಕ ವಿಷಯ ಆರಿಸುವಾಗ ನಮ್ಮ ತರಗತಿಯ ಉಳಿದವರೆಲ್ಲ ಎಲೆಕ್ಟ್ರಾನಿಕ್ಸ್ ಬರೆದರು. ನ್ಯಾನೋ ವಸ್ತುಗಳ ಕ್ವಾಂಟಮ್ ಸಿದ್ಧಾಂತ ಬೇಕೆಂದವರು ಇಬ್ಬರೇ: ಕೆರಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು, ಮಳವಳ್ಳಿಯ ನನ್ನ ಗೆಳತಿ. ಮಂಡ್ಯದ ನಮ್ಮ ಕಾಲೇಜಿನ ವಿಭಾಗದ ಮುಖ್ಯಸ್ಥರು ನಮ್ಮನ್ನು ಕರೆಸಿದರು.

"ಇಬ್ಬರಿಗೋಸ್ಕರ ಪೇಪರ್ ನಡೆಸೋಕಾಗಲ್ಲ. ಆ ಥಿಯರಿಯೆಲ್ಲ ದೊಡ್ಡ ದೊಡ್ಡ ಸಂಸ್ಥೆಯವರಿಗೆ. ನಿಮಗ್ಯಾಕಮ್ಮ?"

ಇಬ್ಬರಿಗೋಸ್ಕರ ಆಗಲ್ಲ ಎಂಬುದು ಅರ್ಥವಾಯಿತು. ನಿಮಗ್ಯಾಕೆ ಎಂಬುದು ಅರ್ಥವಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಬೇರೆ ದಾರಿಯಿಲ್ಲದೆ ಎಲೆಕ್ಟ್ರಾನಿಕ್ಸ್‌ಗೆ ಹೆಸರು ಕೊಟ್ಟೆವು. ಕ್ವಾಂಟಮ್ ಪೇಪರ್ ಪಾಠ ಮಾಡಬೇಕಿದ್ದ ಅತಿಥಿ ಉಪನ್ಯಾಸಕಿ ಮದ್ದೂರಿನವರು. ವಿಷಯ ತಿಳಿಸಲು ಹೋದಾಗ ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಪೇಪರ್ ರದ್ದಾಯ್ತು, ಸರಿ. ನಾನು ಕಲಿತದ್ದು ರದ್ದಾಗಿಲ್ವಲ್ಲ. ಭಾನುವಾರ ಮನೆಗೆ ಬನ್ನಿ," ಎಂದರು.

ಅಪ್ಪನಿಗೆ ಹೇಳಿದೆ. ಅವರು ಕಬ್ಬಿನ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದರು.

"ಮಾರ್ಕ್ಸು ಕೊಡಾಕಿಲ್ಲ, ಪರೀಕ್ಸೆನೂ ಇಲ್ಲ ಅಂತೀಯೆ. ಮತ್ಯಾಕವ್ವ ಓಯ್ತೀಯೆ?"

"ನಿಮ್ಗ್ಯಾಕೆ ಅಂದ್ರು ಕಣಪ್ಪ. ಅದ್ಕೇ."

ಅಪ್ಪ ನಕ್ಕುಬಿಟ್ಟರು. "ಅಂಗಂದ್ರಾ? ಅಂಗಾದ್ರೆ ಬುಡ್ಬ್ಯಾಡ, ಓಗು."

ಅಲ್ಲಿಂದ ಪ್ರತಿ ಭಾನುವಾರ ನಾನು ಮಂಡ್ಯಕ್ಕೆ ಬಂದು ರೈಲು ಹತ್ತಿ ಮದ್ದೂರಿಗೆ ಹೋಗುತ್ತಿದ್ದೆ. ಗೆಳತಿ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮೇಡಂ ತಮ್ಮ ಮಗಳಿಗೆಂದು ತಂದಿದ್ದ ಪುಟ್ಟ ಕರಿಹಲಗೆಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಒಂದು ಸಮೀಕರಣಕ್ಕೇ ಅದು ತುಂಬಿಹೋಗುತ್ತಿತ್ತು. ಅವರ ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು.

"ಗ್ವಾಡೆ ದಾಟಿ ಓಯ್ತದೆ ಅಂತೀರಲ್ಲ, ಬಾಗ್ಲೇ ಇಲ್ದಂಗಾ?" ಎಂದು ಒಮ್ಮೆ ಕೇಳಿದರು.

"ಹೂಂ ಅತ್ತೆ, ಎಲೆಕ್ಟ್ರಾನಿಗೆ ಬಾಗಿಲು ಬೇಕಿಲ್ಲ," ಎಂದರು ಮೇಡಂ.

ಪ್ರಯೋಗಾಲಯವಿರಲಿಲ್ಲ, ಆ ವಿಷಯಕ್ಕೆ ಬೇಕಾಗಲೂ ಇಲ್ಲ. ಎಲೆಕ್ಟ್ರಾನನ್ನು ಕೂಡಿಹಾಕಿದ ಕಣ ಚಿಕ್ಕದಾದಷ್ಟೂ ಅದು ಸೂಸುವ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ ಎಂದು ನಾನೇ ಲೆಕ್ಕ ಮಾಡಿ ಕಂಡುಕೊಂಡ ದಿನ ವಾಪಸಿನ ರೈಲಿನಲ್ಲೂ ಅದನ್ನೇ ಮತ್ತೆ ಮತ್ತೆ ಬರೆದು ನೋಡಿದೆ. ಹನಕೆರೆ ನಿಲ್ದಾಣ ಬಂದದ್ದೂ ಹೋದದ್ದೂ ತಿಳಿಯಲಿಲ್ಲ.

ಕಾಲೇಜಿನಲ್ಲಿ ಸಹಪಾಠಿಯೊಬ್ಬಳು, "ಮಾರ್ಕ್ಸ್ ಇಲ್ದಿರೋದನ್ನ ಓದ್ತೀರಲ್ಲೇ, ನಿಮಗೆ ಬುದ್ಧಿ ಇದ್ಯಾ?" ಎಂದಳು.

"ಇರೋದ್ರಿಂದ್ಲೇ ಓದ್ತಿರೋದು ಕಣೇ," ಎಂದಳು ನನ್ನ ಗೆಳತಿ.

ಓದು ಮುಗಿದ ಮೇಲೆ ಸಂಶೋಧನೆಯ ಸೀಟಿಗೆ ಸಂದರ್ಶನಕ್ಕೆ ಹೋದೆ. ನನ್ನ ಅಂಕಪಟ್ಟಿ ನೋಡಿದ ಹಿರಿಯರೊಬ್ಬರು, "ನೀವು ಈ ವಿಷಯ ಓದಿಯೇ ಇಲ್ಲ," ಎಂದರು.

"ಓದಿದ್ದೀನಿ ಸರ್. ಇದರಲ್ಲಿ ಬಂದಿಲ್ಲ ಅಷ್ಟೇ. ಏನಾದರೂ ಕೇಳಿ."

ತಡೆಗೋಡೆ ದಾಟುವ ಎಲೆಕ್ಟ್ರಾನಿನ ಸಂಭವನೀಯತೆ ಕೇಳಿದರು. ಎದ್ದು ಹಲಗೆಯ ಮೇಲೆ ಬರೆಯುತ್ತಾ ಹೋದೆ. ಉತ್ತರ ಒಂದಕ್ಕಿಂತ ಹೆಚ್ಚು ಬಂತು. ಸಂಭವನೀಯತೆ ಒಂದನ್ನು ಮೀರುವುದು ಸಾಧ್ಯವೇ ಇಲ್ಲ. ಒಬ್ಬರು ಮುಸಿಮುಸಿ ನಕ್ಕರು. ನಾನು ಕೂರಲಿಲ್ಲ. ಒಂದೊಂದೇ ಸಾಲು ಹಿಂದಕ್ಕೆ ಹೋಗಿ, ತಪ್ಪಿದ್ದ ಚಿಹ್ನೆ ಹುಡುಕಿ ತಿದ್ದಿದೆ. ಆ ವರ್ಷ ಸೀಟು ಸಿಗಲಿಲ್ಲ. ಮರುವರ್ಷ ಅದೇ ಕೋಣೆಗೆ ಮತ್ತೆ ಹೋದೆ, ಸಿಕ್ಕಿತು.

ಮೇಡಂಗೆ ಫೋನ್ ಮಾಡಿದೆ. ಆ ಹೊತ್ತಿಗೆ ಕಾಲೇಜು ಅವರನ್ನು ಮುಂದುವರಿಸದೆ ಕೈಬಿಟ್ಟಿತ್ತು. ಸೀಟಿನ ಸುದ್ದಿ ಕೇಳಿ ಸಂತೋಷಪಟ್ಟರು. ಆಮೇಲೆ, "ಹೋದ ಸಲ ಚಿಹ್ನೆ ಎಲ್ಲಿ ತಪ್ಪಿತ್ತು, ಹೇಳು," ಎಂದರು. ಹೇಳಿದೆ. ಅದು ಎಲ್ಲರಿಗೂ ತಪ್ಪುವ ಜಾಗವೇ ಎಂದು ವಿವರಿಸತೊಡಗಿದರು. ಕೆಲಸ ಹೋದದ್ದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಅವರನ್ನು ಕೈಬಿಟ್ಟವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.