ಬೀಗರ ಖಾಲಿ ಕ್ಯಾನು

ನನ್ನ ಮೊಮ್ಮಗಳು ಇವತ್ತ ಮನಿಗೆ ಬಂದಳು! ಇಪ್ಪತ್ತೆರಡು ದಿನ ಬೆಳಗಾವಿ ದವಾಖಾನ್ಯಾಗ ಗಾಜಿನ ಪೆಟ್ಟಿಗಿಯೊಳಗ ಮಲಗಿದ್ದ ಕೂಸು ಇವತ್ತ ನನ್ನ ತೊಡಿ ಮ್ಯಾಲ ಮಲಗಿ ಧೋತರ ತೋಯಿಸಿತು. ತೋಯಿಸಲಿ, ಇನ್ನೂ ಹತ್ತು ಧೋತರ ತೋಯಿಸಲಿ! ಬರೂ ಮುಂದ ರವಿವಾರ ಪೇಟಿ ಬಾಜುಕ ಗಾಡಿ ನಿಲ್ಲಿಸಿ ಪೇಡೆ ಕೇಳಿದೆ. ಅಂಗಡಿಯಾಂವ, "ಹುಡುಗಿ ಅಂತೀರಿ, ಹುಡುಗಿಗೆ ಬರ್ಫಿ ಹಂಚತಾರಲ್ರಿ ಅಜ್ಜಾರ" ಅಂದ. "ಎರಡೂ ಕಟ್ಟೋ ಮಾರಾಯಾ" ಅಂದೆ. ನಾ ಮೂರನೇ ಇಯತ್ತಾತನಕ ಸಾಲಿ ಕಲಿತಾಂವ. ಅಕ್ಷರ ಸೊಟ್ಟ ಅದಾವು. ಆದ್ರೂ ಇದನ್ನ ಬರದ ಇಡಬೇಕು. ಯಾಕಂದ್ರ ಈ ಕೂಸು ಸಾವಿನ ಬಾಗಲತನಕ ಹೋಗಿದ್ದು ನನ್ನ ದೆಸಿಯಿಂದ.

ನಮ್ಮ ಊರು ಖಾನಾಪುರ ಕಡೆ, ಹಿನ್ನೀರಿನ ದಂಡಿ ಮ್ಯಾಲ. ಮೀನು ಹಿಡಿಯೂದು ನಮ್ಮ ಕಸಬು. ನನ್ನ ದೋಣಿಗೆ ಹಾಯಿ ಐತಿ, ಹಳೇ ತಾಡಪತ್ರಿ ಹೊಲದು ಬಿದರ ಗಳಕ್ಕ ಕಟ್ಟಿದ್ದು. ಆಚಿ ದಂಡ್ಯಾಗ ನನ್ನ ಬೀಗರು, ಅಂದ್ರ ನನ್ನ ಮಗಳ ಮಾವ. ಅವರ ದೋಣಿಗೆ ಮಷೀನು. ಗಾಳಿ ನಿಂತ ದಿನ ನಾ ನೀರಿನ ನಡುವ ಸುಮ್ನ ಕುಂತಿದ್ರ, ಅವರು ಭುರ್ರಂತ ನನ್ನ ಸುತ್ತ ಒಂದು ಸುತ್ತು ಹಾಕಿ, "ಊದ್ರಿ ಬೀಗರ, ಬಾಯಿಲೆ ಊದ್ರಿ!" ಅಂತಿದ್ರು. ಅವರೆಬ್ಬಿಸಿದ ನೀರಿನ ತೆರಿ ಬಡದು ನನ್ನ ಬುಟ್ಟ್ಯಾಗಿನ ಮೀನು ವಾಪಸ್ ನೀರಿಗೆ. ನಾ ಏನ್ ಕಮ್ಮಿ? ಅವರು ಎದುರಾದಾಗೆಲ್ಲಾ ಒಂದು ಖಾಲಿ ಕ್ಯಾನು ಬೋರಲ ಹಿಡದು ಅಲ್ಲಾಡಸ್ತಿದ್ದೆ. ಎಣ್ಣಿ ತೀರಿತೇನ್ರಿ, ಅಂತ ಅದರ ಅರ್ಥ. ನಮ್ಮ ದಂಡಿ ಹಾಯಿ ಮಂದಿಯೆಲ್ಲಾ ಹಂಗ ಮಾಡತಿದ್ರು.

ಅವರ ಖರ್ಚು ಎಲ್ಲಾರ ಕಣ್ಣಿಗೂ ಕಾಣತಿತ್ತು. ಪೆಟ್ರೋಲು, ಆಯಿಲು, ಮಳಿಗಾಲ ಮುಗದ ಮ್ಯಾಲ ಮಷೀನ ಹೊತಗೊಂಡು ಬೆಳಗಾವಿಗೆ ಹೋಗಿ ರಿಪೇರಿ. ಹಿಡದ ಮೀನಿನಾಗ ಅರ್ಧಾ ಆ ಮಷೀನ ತಿಂತಿತ್ತು. ಅದಕ್ಕ ಒಂದು ಸಲ ದಾಟಾಕ ಎಷ್ಟ ಬೇಕೋ ಅಷ್ಟ ಎಣ್ಣಿ ಹಾಕತಿದ್ರು. ನಂದು ಪುಕ್ಕಟಿ ಗಾಳಿ ಅಂತ ನಾ ಮೀಸಿ ತಿರವತಿದ್ದೆ. ಖರೇ ಹೇಳಬೇಕಂದ್ರ, ನಾ ದಂಡಿ ಮುಟ್ಟೂದರಾಗ ನಂದಗಡ ಸಂತಿ ಮುಗದು, ಮೆತ್ತಗಾದ ಮೀನು ಬೆಕ್ಕಿಗೆ ಹಾಕಿದ್ದೂ ಐತಿ. ಅದನ್ನ ಬೀಗರಿಗೆ ಎಂದೂ ಹೇಳಿದಾಂವಲ್ಲ.

ಮಗಳಿಗೆ ಏಳು ತಿಂಗಳು ತುಂಬಿದ್ದವು. ಸೋಮವಾರ ತವರಿಗೆ ಕರಕೊಂಡು ಬರೂದಂತ ದಿನಾ ನೋಡಿದ್ವಿ. ಅದಕ್ಕಿಂತ ಮೊದಲಿನ ಶುಕ್ರವಾರ ಜಡಿಮಳಿ, ಮೊಬೈಲಿಗೆ ರೇಂಜಿಲ್ಲ. ನಾ ಬೆನ್ನಿಗೆ ಗಾಳಿ ಹಿಡಕೊಂಡು ಮೀನಿನ ಬಲಿ ಎತ್ತಾಕ ಹೊಂಟಿದ್ದೆ. ನೀರಿನ ನಡುವ ಬೀಗರ ದೋಣಿ ನಿಂತಿತ್ತು. ಬೀಗರು ಎದ್ದು ನಿಂತು ಖಾಲಿ ಕ್ಯಾನು ಬೋರಲ ಹಿಡದು ಅಲ್ಲಾಡಸಾಕತ್ತಿದ್ರು.

ನನ್ನ ಆಟಾ ನನಗ ತಿರುಗಿ ಆಡಾಕತ್ಯಾರ ಅನ್ಕೊಂಡೆ. "ಊದ್ರಿ ಬೀಗರ, ಊದ್ರಿ!" ಅಂತ ಒದರಿ, ಅವರು ಏನೋ ಕೂಗಿದ್ದನ್ನ ಕಿವಿಗೆ ಹಾಕ್ಕೊಳ್ಳದ, ನಕ್ಕೊಂತ ದಾಟಿ ಹೋದೆ.

ಬಾಳ ದೂರ ಹೋದ ಮ್ಯಾಲ ಹಿಂದಿಂದ ಗಾಳಿ ಕೂಡ ಒಂದು ಧ್ವನಿ ಬಂತು. "ಅಪ್ಪಾ..."

ನನ್ನ ಮಗಳು ಆ ದೋಣಿ ತಳದಾಗ ಮಲಗಿದ್ದಳು. ಮಳಿಗೆ ಪ್ಲಾಸ್ಟಿಕ್ ಹಾಳಿ ಹೊದಿಸಿದ್ರು, ಬೀಗತಿನೂ ಅದರ ಅಡಿ ಕುಂತಿದ್ರು. ಬ್ಯಾನಿ ಎದ್ದಿದ್ದವು. ದವಾಖಾನಿಗೆ ಹೋಗಾಕ ಜೀಪು ಸಿಗೂದು ನಮ್ಮ ದಂಡ್ಯಾಗ.

ನನ್ನ ಹಾಯಿ ಎದುರ ಗಾಳಿಗೆ ಹೋಗೂದಿಲ್ಲ. ಅದನ್ನ ಇಳಿಸಿ ಹುಟ್ಟು ಹಾಕಿದೆ. ಹತ್ತು ಹುಟ್ಟಿಗೆ ಎರಡು ಮಾರು ಸರದ್ರ ಹೆಚ್ಚು. ಮುಟ್ಟೂದರಾಗ ಮಗಳ ಧ್ವನಿ ನಿಂತಿತ್ತು, ಕಣ್ಣಷ್ಟ ತೆರದಿದ್ದವು. ದೋಣಿ ತಳದ ನೀರು ಕೆಂಪಾಗಿತ್ತು. ಬೀಗರ ಹಂತೇಕ ಹುಟ್ಟ ಇರಲಿಲ್ಲ. ಮಷೀನ ಬಂದ ವರ್ಷ ಅವನ್ನ ಒಲಿಗೆ ಹಾಕಿದ್ರು.

"ಎದುರ ಗಾಳಿಗೆ ಎಣ್ಣಿ ಜಾಸ್ತಿ ಕುಡೀತ್ರಿ," ಅಂದ್ರು ಅಳಕೊಂತ. "ನೀವು ತಿರುಗ್ತೀರಿ ಅನ್ಕೊಂಡೆ."

ಅವರ ದೋಣಿ ನನ್ನ ದೋಣಿ ಹಿಂದ ಕಟ್ಟಿ, ಒಂದು ಹುಟ್ಟು ಅವರ ಕೈಯಾಗ ಕೊಟ್ಟೆ. ಇಬ್ರೂ ಬಾಜು ಬಾಜು ಕುಂತು ಹುಟ್ಟು ಹಾಕಿದ್ವಿ. ದಂಡಿಯಿಂದ ಜೀಪಿನಾಗ ಖಾನಾಪುರ. ಅಲ್ಲಿ, "ಇಲ್ಲಾಗೂದಿಲ್ಲ, ಬೆಳಗಾವಿಗೆ ಒಯ್ರಿ" ಅಂದ್ರು. ಬೆಳಗಾವ್ಯಾಗ ಹುಟ್ಟಿದ ಕೂಸು ಅಳಲಿಲ್ಲ. ಡಾಕ್ಟರಮ್ಮ, "ಸ್ವಲ್ಪ ಮೊದಲ ಬಂದಿದ್ರ..." ಅಂದ್ಳು. ಆ ಸ್ವಲ್ಪ ನಂದು.

ಮಗಳು ಎಚ್ಚರಾದ ಮ್ಯಾಲ ಒಂದು ಮಾತಂದಳು. "ಅಪ್ಪಾ, ನೀ ನೋಡಿ ಹೋದಿ." ಆಮ್ಯಾಲ ನನ್ನ ಕೂಡ ಮಾತ ಬಿಟ್ಟಳು. ನಾ ಒಯ್ದ ಗಂಜಿ ಮುಟ್ಟಲಿಲ್ಲ. ನಾನು, ಬೀಗರು ಹೊರಗ ಕಟ್ಟಿಗಿ ಬಾಕಿನ ಮ್ಯಾಲ ಕುಂತು ದಿನಾ ಕಳದ್ವಿ. ಐದನೇ ದಿನ ಬಾಜು ಪೆಟ್ಟಿಗಿ ಕೂಸನ್ನ ಬಿಳಿ ಅರಬ್ಯಾಗ ಸುತ್ತಿ ಅದರ ಅಜ್ಜ ಹೊತಗೊಂಡು ಹೋದ. ನನ್ನ ವಾರಿಗಿಯಾಂವ. ಅವನ ಮಾರಿ ನೋಡಾಕ ನನ್ನ ಕೈಲಿ ಆಗಲಿಲ್ಲ.

ನಮ್ಮ ಕೂಸಿನ ಎಡಗೈ ಇನ್ನೂ ಸರಿ ಏಳೂದಿಲ್ಲ. "ಮುಂದ ನೋಡೂಣು" ಅಂತಾಳ ಡಾಕ್ಟರಮ್ಮ. ಆದ್ರ ಅಳತೈತಿ! ಏನ್ ಅಳತೈತಿ ಅಂತೀರಿ, ಓಣಿ ಮಂದಿ ಎದ್ದು ಬರೂವಂಗ! ಕೇಳಿ ಕೇಳಿ ನನಗ ಹೊಟ್ಟಿ ತುಂಬೇತಿ.

ಸಂಜಿಕ ಬೀಗರು, ಬೀಗತಿ, ಅಳಿಯ, ನನ್ನ ಹೆಂಡತಿ, ಎಲ್ಲಾರೂ ಪಡಸಾಲ್ಯಾಗ ಉಣ್ಣಾಕ ಕುಂತ್ವಿ. ನಮಗ ಅನ್ನ, ಮೀನಿನ ಸಾರು. ಮಗಳಿಗೆ ಬ್ಯಾರೆ ಮೆಣಸಿನ ಸಾರು. ನನ್ನ ಕೈ ತಾಟಿಗೆ ಇಳಿಯವಲ್ದು. ಬೀಗರೂ ತುತ್ತು ಎತ್ತಲಾರದ ನನ್ನ ಮಾರಿ ನೋಡಕೋಂತ ಕುಂತಿದ್ರು. ಗ್ವಾಡಿಗೆ ಆತು ಕುಂತಿದ್ದ ಮಗಳು ಕೂಸನ್ನ ಇನ್ನೊಂದ ಮಗ್ಗಲಿಗೆ ಹಾಕೊಂಡಳು.

"ಅಪ್ಪಾ, ಅನ್ನ ಆರಾಕತ್ತೇತಿ. ಉಣ್ಣು," ಅಂದಳು.

"ಹೂನವಾ," ಅಂದೆ. ಬೀಗರು ಸಾರಿನ ಬೋಗುಣಿ ನನ್ನ ಕಡೆ ಸರಿಸಿದ್ರು. ಉಂಡ್ವಿ.