ಮೂಗು ಅಡ್ಡ ಬಂದ ಸ್ವಿಂಗ್

ಕೊರೋನಾ ಮುಗಿದ ಮರುವರ್ಷ. ಆಗ ನಾನು ಬೆಳಗಾವಿ ಕಡೆಯ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಕೋಚ್. ಇಂಡಿ ತಾಲ್ಲೂಕಿನ ಹೊರ್ತಿಯವನು ಗಾಲ್ಫ್ ಕಲಿಸುತ್ತಾನೆ ಎಂದರೆ ನಮ್ಮೂರವರೇ ನಂಬುವುದಿಲ್ಲ. ಚೆಂಡು ಬಡಿಯುವುದಕ್ಕೂ ಪಗಾರ ಕೊಡುತ್ತಾರೆಯೇ ಎಂದು ನಗುತ್ತಾರೆ. ಕೊಡುತ್ತಾರೆ, ಆದರೆ ಚೆನ್ನಾಗಿ ಬಡಿದು ತೋರಿಸುವವನಿಗೆ ಮಾತ್ರ.

ರಜೆಗೆ ಊರಿಗೆ ಬಂದಿದ್ದಾಗ ಅಣ್ಣ ಶರಣಪ್ಪನ ನಿಂಬೆ ತೋಟದಲ್ಲಿ ಹಣ್ಣು ಬಿಡಿಸಲು ಟೊಂಗೆಯೊಂದನ್ನು ಎಳೆದೆ. ಅದು ಕೈತಪ್ಪಿ ಚಿಮ್ಮಿತು, ಮುಳ್ಳು ಎಡಗಣ್ಣಿಗೆ ಹೊಕ್ಕಿತು. ವಿಜಯಪುರದಲ್ಲಿ ಆಪರೇಷನ್ ಆಗಿ ಗಾಯ ಮಾಯಿತು, ದೃಷ್ಟಿ ಮಾತ್ರ ಮರಳಲಿಲ್ಲ. ಹೆಂಡತಿ ಮಹಾದೇವಿಯ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟೆ.

ಕ್ಲಬ್ಬಿನ ಕಾರ್ಯದರ್ಶಿಗಳು ಮುದ್ದೇಬಿಹಾಳದವರು, ನಿವೃತ್ತ ಇಂಜಿನಿಯರ್. ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: “ನೀವು ಹೊಡದು ತೋರಿಸಿದ್ರನ ಮಂದಿ ಕಲೀತಾರ. ಬ್ಯಾಸಗಿ ಮುಗದ ಮ್ಯಾಲ ಬಂದು ತೋರಸ್ರಿ. ಆಗಲಿಲ್ಲಂದ್ರ ಸ್ಟೋರ್ ನೋಡ್ಕೋಳ್ರಿ.”

ಸ್ಟೋರ್ ಎಂದರೆ ಕೌಂಟರಿನ ಹಿಂದೆ ಕೂತು ಚೆಂಡಿನ ಬುಟ್ಟಿ ಕೊಡುವ ಕೆಲಸ. ನನಗೆ ವಿಪರೀತ ಸಿಟ್ಟು ಬಂತು. ಅಳು ನಿಂತದ್ದು ಆ ಸಿಟ್ಟಿನಿಂದಲೇ.

ಸೆವೆನ್ ಐರನ್, ಅಂದರೆ ಮಧ್ಯಮ ದೂರಕ್ಕೆ ಹೊಡೆಯುವ ಲೋಹದ ಮುಖದ ಕೋಲು, ನನ್ನ ಜೊತೆಗೇ ಊರಿಗೆ ಬಂದಿತ್ತು. ಅದನ್ನು ಹಿಡಿದು ಕೊಯ್ಲಾದ ಜೋಳದ ಹೊಲಕ್ಕಿಳಿದೆ. ಎರೆಭೂಮಿ ಬಿಸಿಲಿಗೆ ಬಾಯಿ ಬಿಟ್ಟಿತ್ತು; ತಂದಿದ್ದ ಚೆಂಡುಗಳೆಲ್ಲ ಬಿರುಕುಗಳ ಪಾಲಾದವು. ಕೊನೆಗೆ ಉದುರಿ ಬಿದ್ದಿದ್ದ ನಿಂಬೆಹಣ್ಣು ಆರಿಸಿ ಕಣಕ್ಕೆ ತಂದೆ. ಗಾತ್ರ ಹೆಚ್ಚುಕಡಿಮೆ ಚೆಂಡಿನಷ್ಟೇ. ಸರಿಯಾಗಿ ತಾಗಿದರೆ ಕೋಲಿನ ಮುಖದ ನಡುವೆ ರಸ ಮೆತ್ತುತ್ತದೆ.

ಮೊದಲ ದಿನ ರಸವೇ ಕಾಣಲಿಲ್ಲ. ನೆಲಕ್ಕೆ ಹೊಡೆದೆ, ಗಾಳಿಗೆ ಹೊಡೆದೆ. ಶರಣಪ್ಪ ಬದುವಿನ ಮೇಲೆ ಕೂತು ನೋಡುತ್ತಿದ್ದ.

“ತಮ್ಮಾ, ನಿಂಬಿಹಣ್ಣಿಗೆ ಅಂಜಿಸಾಕತ್ತಿ ಏನು?”

“ಸುಮ್ಕಿರಣ್ಣಾ, ಲೆಕ್ಕ ಹಾಕಾಕತ್ತೇನಿ.”

ನಿಜವಾಗಿಯೂ ಹಾಕುತ್ತಿದ್ದೆ. ಒಂಟಿ ಕಣ್ಣಿಗೆ ಅಂತರ ಸರಿಯಾಗಿ ತಿಳಿಯುವುದಿಲ್ಲ, ಇದು ಡಾಕ್ಟರು ಹೇಳಿದ್ದು. ಅವರು ಹೇಳದ ಇನ್ನೊಂದು ತೊಡಕಿತ್ತು. ನಾನು ಬಲಗೈ ಆಟಗಾರ. ಸ್ವಿಂಗ್ ಎಂದರೆ ಕೋಲು ಬೀಸುವ ಬಗೆ. ಅದಕ್ಕೆ ಕೋಲನ್ನು ಹಿಂದಕ್ಕೆತ್ತುವಾಗ, ಅಂದರೆ ಬ್ಯಾಕ್‌ಸ್ವಿಂಗಿನಲ್ಲಿ, ಭುಜದ ಜೊತೆ ತಲೆಯೂ ಬಲಕ್ಕೆ ತಿರುಗುತ್ತದೆ. ಆಗ ಬಲಗಣ್ಣಿಗೂ ಚೆಂಡಿಗೂ ನಡುವೆ ಮೂಗು ಬಂದು ನಿಲ್ಲುತ್ತದೆ. ಇಷ್ಟು ವರ್ಷ ನನ್ನ ಮೂಗು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಮುಖವನ್ನು ಮೊದಲೇ ತುಸು ಎಡಕ್ಕೆ ತಿರುಗಿಸಿ ನಿಂತೆ. ಬ್ಯಾಕ್‌ಸ್ವಿಂಗನ್ನು ಮೊಟಕು ಮಾಡಿದೆ. ಅಂತರದ ಕೆಲಸವನ್ನು ಕಣ್ಣಿನಿಂದ ಕಿತ್ತು ಕೈಗೆ ಕೊಟ್ಟೆ: ತೊಡೆಗೂ ಕೋಲಿನ ಹಿಡಿಕೆಯ ತುದಿಗೂ ನಡುವೆ ಒಂದು ಮುಷ್ಟಿ ಜಾಗ, ಕೋಲಿನ ತಲೆ ಹಣ್ಣಿನ ಹಿಂದೆ ನೆಲಕ್ಕೆ ಊರಿರಬೇಕು. ಒಂದು ಸಂಜೆ ಚಹಾ ತಂದ ಮಹಾದೇವಿ ಕೋಲು ಮೂಸಿ ನೋಡಿ, “ಇವತ್ತ ಶರಬತ್ತಿನ ವಾಸನಿ ಬರಾಕತ್ತೈತಿ ನೋಡ್ರಿ” ಎಂದಳು. ಆ ಸಂಜೆ ಚಹಾ ಬಹಳ ರುಚಿಯಾಗಿತ್ತು.

ಬೇಸಿಗೆ ಮುಗಿದು ಕ್ಲಬ್ಬಿಗೆ ಹೋದೆ. ಕಾರ್ಯದರ್ಶಿಗಳು ನೂರಿಪ್ಪತ್ತು ಮೀಟರ್ ದೂರದ ಬಾವುಟ ತೋರಿಸಿ ಕೈಕಟ್ಟಿ ನಿಂತರು. ನನ್ನ ಹಳೆಯ ಶಿಷ್ಯರೂ ನೆರೆದಿದ್ದರು. ಹೊಡೆದೆ. ಚೆಂಡು ಬಾವುಟದ ಹತ್ತಿರವೇ ಇಳಿಯಿತು. ಎರಡನೆಯದು ತುಸು ಬಲಕ್ಕೆ ಹೋಯಿತು, ಮೂರನೆಯದು ಮತ್ತೆ ಬಾವುಟದ ಬುಡಕ್ಕೆ.

“ನಿಮ್ಮ ಮೊದಲಿನ ಸ್ವಿಂಗ್ ಇದಲ್ಲಲ್ರಿ?”

“ಅದು ಎರಡ ಕಣ್ಣಿನವಂದ್ರಿ ಸಾಹೇಬ್ರ. ಇದು ನಂದು.”

ಅವರು ಕಟ್ಟಿದ ಕೈ ಬಿಚ್ಚಿದರು. “ಸ್ಟೋರಿಗೆ ಬ್ಯಾರೆಯವರನ್ನ ಹುಡುಕ್ತೇನಿ ಬಿಡ್ರಿ.”

ಪುಸ್ತಕದ ಸ್ವಿಂಗ್ ಒಂದೇ, ಮೈಗಳು ನೂರು. ಮೈಗೆ ತಕ್ಕ ಸ್ವಿಂಗ್ ಹುಡುಕಿಕೊಡುವುದೇ ಕೋಚ್‌ನ ಕಸುಬು. ಈ ವೃತ್ತಿ ನನಗೆ ಕಲಿಸಿದ್ದು ಅದನ್ನೇ. ಮರುದಿನ ಬೆಳಿಗ್ಗೆ ಮಂಡಿನೋವಿನ ಹಿರಿಯರೊಬ್ಬರು ಬಂದು, “ನನ್ನಿಂದ ಆಗತೈತೇನ್ರಿ?” ಎಂದು ಕೇಳಿದರು. ಆಗುತ್ತದೆ ಎಂದು ಹೇಳುವ ಮೊದಲು ಅವರನ್ನು ನಾಲ್ಕು ಹೆಜ್ಜೆ ನಡೆಯಲು ಹೇಳಿದೆ, ಅವರ ಕಾಲನ್ನು ನೋಡುತ್ತ ನಿಂತೆ.